ಸಹಿಗಿಂತ ಮೊದಲು: ಚೀನಾ ವ್ಯವಹಾರ ಕುರಿತ ಆರಂಭಿಕ ಕಾನೂನು ಸಲಹೆಗಳ ಒಂದು ಮರುವಿಮರ್ಶೆ

1979ರ ಜುಲೈ 1ರಂದು ಚೀನಾದ ರಾಷ್ಟ್ರೀಯ ಜನತಾ ಕಾಂಗ್ರೆಸ್ ಒಂದೇ ದಿನ ಏಳು ಕಾಯಿದೆಗಳನ್ನು ಅಂಗೀಕರಿಸಿತು. ಅಪರಾಧ ಕಾನೂನು, ನ್ಯಾಯಾಲಯಗಳ ರಚನೆಯಂಥ ದೊಡ್ಡ ವಿಷಯಗಳ ಜೊತೆಗೆ ಚೀನಾ-ವಿದೇಶಿ ಜಂಟಿ ಉದ್ಯಮಗಳ ಕಾಯಿದೆಯೂ ಅಂದೇ ಬಂತು. ಅದರಲ್ಲಿದ್ದದ್ದು 15 ವಿಧಿಗಳು ಮಾತ್ರ. ವಿದೇಶಿ ಪಾಲು ಸಾಮಾನ್ಯವಾಗಿ ಶೇ. 25ಕ್ಕಿಂತ ಕಡಿಮೆಯಾಗಬಾರದು, ಆಡಳಿತ ಮಂಡಳಿಯ ಅಧ್ಯಕ್ಷರನ್ನು ಚೀನೀ ಪಕ್ಷವೇ ನೇಮಿಸಬೇಕು, ಲಾಭ-ನಷ್ಟ ಬಂಡವಾಳದ ಪ್ರಮಾಣದಲ್ಲೇ ಹಂಚಿಕೆಯಾಗಬೇಕು: ಇಂಥ ಕೆಲವು ಮೂಲ ಸಂಗತಿಗಳನ್ನು ಹೇಳಿ, ಉಳಿದ ವಿವರಗಳನ್ನು ಕಾಯಿದೆ ಮುಂದಕ್ಕೆ ಬಿಟ್ಟಿತ್ತು. ಜಾರಿ ನಿಯಮಗಳು ಬಂದದ್ದು 1983ರ ಸೆಪ್ಟೆಂಬರಿನಲ್ಲಿ. ವಿದೇಶಿಯರೊಂದಿಗಿನ ಆರ್ಥಿಕ ಕರಾರುಗಳಿಗೆ ಪ್ರತ್ಯೇಕ ಕಾಯಿದೆ ಬರಲು 1985 ಆಗಬೇಕಾಯಿತು. 1959ರಲ್ಲಿ ರದ್ದಾಗಿದ್ದ ನ್ಯಾಯ ಸಚಿವಾಲಯ ಆಗಷ್ಟೇ ಮತ್ತೆ ತಲೆ ಎತ್ತುತ್ತಿತ್ತು.

ಓದಲು ಕಾನೂನೇ ಇಲ್ಲದ ಆ ವರ್ಷಗಳಲ್ಲಿ ವಿದೇಶಿ ವ್ಯಾಪಾರಿಗಳಿಗೆ ವಕೀಲರು ಏನು ಸಲಹೆ ಕೊಟ್ಟರು, ಯಾವ ಆಧಾರದ ಮೇಲೆ ಕೊಟ್ಟರು ಎಂಬುದು ಈ ಲೇಖನದ ವಿಷಯ. ಆ ಸಲಹೆಗಳನ್ನು ಇಂದು ಹೆಚ್ಚಿನವರು ನೆನೆಯುವುದು ಔತಣಕೂಟದ ಶಿಷ್ಟಾಚಾರ, ಸ್ನೇಹ ಸಂಪಾದನೆ, ತಾಳ್ಮೆ ಎಂಬ ಹಿತವಚನಗಳಾಗಿ. ಇದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಕಾನೂನಿನ ಪಠ್ಯ ಕೈಗೆ ಸಿಗದ ಕಾರಣಕ್ಕೇ ಅಂದಿನ ವಕೀಲರು ಕಚೇರಿಗಳನ್ನು ಓದಿದರು. ಯಾರ ಅನುಮೋದನೆ ಬೇಕು, ಯಾರ ಮೊಹರು ಬೀಳಬೇಕು, ಎಲ್ಲಿ ದಾಖಲಾಗಬೇಕು ಎಂದು ವಿಚಾರಿಸಿದರು. ಚೀನಾದಲ್ಲಿ ಕರಾರಿಗೆ ಬಲ ಬರುವುದು ಎದುರಿಗಿರುವವನ ಸಹಿಯಿಂದಲ್ಲ, ಅದರ ಬೆನ್ನಿಗಿರುವ ಕಚೇರಿಯಿಂದ ಎಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು.

1979ಕ್ಕೂ ಹಿಂದಿನ ವ್ಯಾಪಾರ ಬಹುಪಾಲು 1957ರಲ್ಲಿ ಆರಂಭವಾದ ಕ್ಯಾಂಟನ್ ಮೇಳದಲ್ಲಿ, ಸರ್ಕಾರಿ ವ್ಯಾಪಾರ ನಿಗಮಗಳ ಮೂಲಕ, ಆ ನಿಗಮಗಳೇ ಅಚ್ಚು ಹಾಕಿಸಿದ ನಮೂನೆಗಳಲ್ಲಿ ನಡೆಯುತ್ತಿತ್ತು. ಅಮೆರಿಕದ ವ್ಯಾಪಾರಿಗಳಿಗಾಗಿ 1973ರಲ್ಲಿ ಹುಟ್ಟಿದ ಅಮೆರಿಕ-ಚೀನಾ ವ್ಯಾಪಾರ ರಾಷ್ಟ್ರೀಯ ಮಂಡಳಿಯ ಪತ್ರಿಕೆ, ಚೀನಾದ ವಿದೇಶಿ ವ್ಯಾಪಾರ ಕುರಿತು ವಿಕ್ಟರ್ ಲಿ ಸಂಪಾದಿಸಿದ 1977ರ ಗ್ರಂಥ, ಹಾರ್ವರ್ಡ್‌ನ ಪ್ರಾಧ್ಯಾಪಕ ಹುದ್ದೆ ಬಿಟ್ಟು ಬೀಜಿಂಗ್‌ಗೆ ಬಂದು ಕೂಡರ್ ಬ್ರದರ್ಸ್ ಸಂಸ್ಥೆಯ ಪರವಾಗಿ ವಕೀಲಿಕೆ ಮಾಡುತ್ತಲೇ ಚೀನೀ ಅಧಿಕಾರಿಗಳಿಗೆ ಕರಾರು ಕಾನೂನಿನ ಪಾಠ ಹೇಳಿದ ಜೆರೋಮ್ ಕೋಹೆನ್: ಈ ಕ್ಷೇತ್ರದ ಮೊದಲ ಜ್ಞಾನ ಹೀಗೆ ಒಟ್ಟುಗೂಡಿತು. ಮೇಜಿನ ಎರಡೂ ಬದಿಯವರಿಗೆ ಒಬ್ಬನೇ ಮೇಷ್ಟ್ರು ಕಲಿಸಿದ ಉದಾಹರಣೆ ಕಾನೂನಿನ ಇತಿಹಾಸದಲ್ಲಿ ವಿರಳ.

ಮೊದಲ ಪೆಟ್ಟು ತಿಂದವರು ಜಪಾನಿಗಳು. 1979ರ ಫೆಬ್ರವರಿಯಲ್ಲಿ, ಸಹಿಯಾಗಿದ್ದ ಹಲವು ದೊಡ್ಡ ಕರಾರುಗಳನ್ನು ಚೀನಾ ತಡೆಹಿಡಿಯಿತು. 1981ರಲ್ಲಿ ಬಾವೋಶಾನ್ ಉಕ್ಕಿನ ಸ್ಥಾವರಕ್ಕೆ ಸಂಬಂಧಿಸಿದ ಯಂತ್ರಗಳ ಖರೀದಿಯನ್ನೂ ಕೈಬಿಟ್ಟಿತು. ಅಂದಿನಿಂದ ಸಲಹೆಗಾರರ ಮೊದಲ ಪ್ರಶ್ನೆಯೇ ಬದಲಾಯಿತು: ಈ ಯೋಜನೆ ಸರ್ಕಾರದ ಆರ್ಥಿಕ ಯೋಜನೆಯೊಳಗೆ ಸೇರಿದೆಯೇ, ಕರಾರು ಜಾರಿಗೆ ಬರುವುದು ಯಾವ ದಿನದಿಂದ? ಜಂಟಿ ಉದ್ಯಮದ ಕರಾರಂತೂ ಸರ್ಕಾರದ ಅನುಮೋದನೆ ಸಿಕ್ಕ ಮೇಲೇ ಕಾನೂನುಬದ್ಧವಾಗುತ್ತಿತ್ತು. ಅಲ್ಲಿಯವರೆಗೆ ಅದು ಸಹಿ ಬಿದ್ದ ಕರಡಷ್ಟೇ ಆಗಿತ್ತು.

ಮೊಹರಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಪನಿಯ ಮೊಹರು ಸುಮಾರು ನಾಲ್ಕು ಸೆಂಟಿಮೀಟರ್ ಅಗಲದ ಕೆಂಪು ವೃತ್ತ. ನಡುವೆ ಐದು ಮೂಲೆಯ ನಕ್ಷತ್ರ, ಅಂಚಿನುದ್ದಕ್ಕೂ ಕಂಪನಿಯ ಚೀನೀ ಹೆಸರು. ಅದರ ಅಚ್ಚು ಪೊಲೀಸ್ ಇಲಾಖೆಯಲ್ಲಿ ದಾಖಲಾಗಿರುತ್ತದೆ. ಲೆಕ್ಕಪತ್ರಕ್ಕೆ ಒಂದು, ಕರಾರುಗಳಿಗೆ ಇನ್ನೊಂದು, ಹೀಗೆ ಬೇರೆ ಬೇರೆ ಮೊಹರುಗಳೂ ಇರುತ್ತವೆ. ಕರಾರಿನ ಹಾಳೆಗಳನ್ನು ಬೀಸಣಿಗೆಯಂತೆ ಹರಡಿ ಅಂಚುಗಳ ಮೇಲೆ ಒಮ್ಮೆ ಮೊಹರು ಒತ್ತಿದರೆ ಪ್ರತಿ ಹಾಳೆಗೂ ಅದರ ಒಂದೊಂದು ತುಣುಕು ಬೀಳುತ್ತದೆ. ಮುಂದೆ ಯಾರಾದರೂ ಒಂದು ಹಾಳೆ ಬದಲಿಸಿದರೂ ವೃತ್ತ ಕೂಡಿಬರುವುದಿಲ್ಲ. ಮೊಹರು ಯಾರ ವಶದಲ್ಲಿರಬೇಕೆಂದು ಬರೆದಿಡುವುದು ಸಣ್ಣ ವಿಷಯವಲ್ಲ. 2020ರಲ್ಲಿ ಚಿಪ್ ವಿನ್ಯಾಸಗಾರ ಆರ್ಮ್ ಸಂಸ್ಥೆಯ ಚೀನೀ ಜಂಟಿ ಉದ್ಯಮದ ಮಂಡಳಿ ತನ್ನ ಮುಖ್ಯಸ್ಥ ಅಲೆನ್ ವು ಅವರನ್ನು ತೆಗೆಯಲು ನಿರ್ಧರಿಸಿತು. ಮೊಹರು ಅವರ ಬಳಿಯೇ ಇತ್ತು, ಕಾನೂನು ಪ್ರತಿನಿಧಿಯಾಗಿ ಅವರ ಹೆಸರೇ ನೋಂದಣಿಯಲ್ಲಿತ್ತು. ಆ ನಿರ್ಧಾರ ನೆಲದ ಮೇಲೆ ಜಾರಿಯಾಗಲು 2022ರವರೆಗೆ ಕಾಯಬೇಕಾಯಿತು.

ಆರಂಭಿಕ ಸಲಹೆಗಳು ಎಲ್ಲವನ್ನೂ ಮುಂಗಂಡಿರಲಿಲ್ಲ. 1983ರ ಮೇ ತಿಂಗಳಲ್ಲಿ ಅಮೆರಿಕನ್ ಮೋಟರ್ಸ್ ಬೀಜಿಂಗ್ ಜೀಪ್ ಜಂಟಿ ಉದ್ಯಮದ ಕರಾರಿಗೆ ಸಹಿ ಹಾಕಿದ್ದು ಸುಮಾರು ನಾಲ್ಕು ವರ್ಷ ಮಾತುಕತೆ ನಡೆಸಿದ ಮೇಲೆ. ಅದರ ಪಾಲು ಶೇ. 31ರಷ್ಟು. ಆದರೆ ಬಿಡಿಭಾಗ ತರಿಸಲು ಡಾಲರ್ ಎಲ್ಲಿಂದ ಬರಬೇಕೆಂಬುದು ಗಟ್ಟಿಯಾಗಿ ಇತ್ಯರ್ಥವಾಗಿರಲಿಲ್ಲ. 1986ರಲ್ಲಿ ವಿದೇಶಿ ವಿನಿಮಯ ಸಿಗದೆ ಜೋಡಣೆ ನಿಂತಿತು. ಕೊನೆಗೆ ಬಿಕ್ಕಟ್ಟು ಬಿಡಿಸಿದ್ದು ಕರಾರಿನ ಯಾವ ವಿಧಿಯೂ ಅಲ್ಲ, ಪ್ರಧಾನಿ ಝಾವೋ ಝಿಯಾಂಗ್ ಮಟ್ಟಕ್ಕೆ ಹೋದ ಮನವಿ. ದೊಡ್ಡ ಕಂಪನಿಗೆ ಆ ಬಾಗಿಲು ತೆರೆಯಿತು. ಸಣ್ಣವರಿಗೆ ತೆರೆಯುವ ಮಾತೇ ಇರಲಿಲ್ಲ.

ಕಾನೂನು ಪುಸ್ತಕಗಳು ತುಂಬಿಕೊಂಡ ಮೇಲೆ ಹಳೆಯ ಎಚ್ಚರ ಸಡಿಲವಾದುದಕ್ಕೆ ಡ್ಯಾನೋನ್-ವಾಹಾಹಾ ಪ್ರಕರಣಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. 1996ರಲ್ಲಿ ಫ್ರಾನ್ಸಿನ ಡ್ಯಾನೋನ್ ಮತ್ತು ಹಾಂಗ್‌ಝೌನ ಪಾನೀಯ ಕಂಪನಿ ವಾಹಾಹಾ ಕೂಡಿ ಜಂಟಿ ಉದ್ಯಮ ಕಟ್ಟಿದವು. ವಾಹಾಹಾ ಟ್ರೇಡ್‌ಮಾರ್ಕನ್ನು ಜಂಟಿ ಉದ್ಯಮಕ್ಕೆ ವರ್ಗಾಯಿಸುವುದೆಂದು ಬರೆದುಕೊಂಡರು. ಟ್ರೇಡ್‌ಮಾರ್ಕ್ ಕಚೇರಿಯ ಒಪ್ಪಿಗೆ ಸಿಗಲಿಲ್ಲ. 1999ರಲ್ಲಿ ವರ್ಗಾವಣೆಯ ಬದಲಿಗೆ ಬಳಕೆಯ ಪರವಾನಗಿ ಎಂದು ಮತ್ತೆ ಬರೆದರು, ಅದೂ ಎರಡು ಪ್ರತಿಗಳಲ್ಲಿ: ತಮ್ಮೊಳಗೆ ಇಟ್ಟುಕೊಳ್ಳಲು ವಿಸ್ತಾರವಾದದ್ದೊಂದು, ಕಚೇರಿಗೆ ಸಲ್ಲಿಸಲು ಸಂಕ್ಷಿಪ್ತವಾದದ್ದೊಂದು. ವ್ಯಾಪಾರ ಬೆಳೆಯುತ್ತಿರುವಾಗ ಯಾರೂ ತಕರಾರು ಎತ್ತಲಿಲ್ಲ. 2007ರಲ್ಲಿ, ವಾಹಾಹಾದ ಸ್ಥಾಪಕ ಝೋಂಗ್ ಚಿಂಗ್‌ಹೌ ಜಂಟಿ ಉದ್ಯಮದ ಹೊರಗೆ ಕಟ್ಟಿದ ಕಂಪನಿಗಳು ಅದೇ ಹೆಸರಿನಲ್ಲಿ ಮಾರುತ್ತಿವೆ ಎಂದು ಡ್ಯಾನೋನ್ ಬಹಿರಂಗವಾಗಿ ಜಗಳಕ್ಕಿಳಿದಾಗ ಈ ಕಾಗದಗಳೆಲ್ಲ ಹೊರಬಂದವು. ವರ್ಗಾವಣೆಯ ಒಪ್ಪಂದ ಮುಗಿದುಹೋಗಿದೆ ಎಂದು ಹಾಂಗ್‌ಝೌ ಮಧ್ಯಸ್ಥಿಕೆ ಆಯೋಗ ಅದೇ ವರ್ಷ ತೀರ್ಪಿತ್ತಿತು. 2009ರಲ್ಲಿ ಡ್ಯಾನೋನ್ ತನ್ನ ಶೇ. 51ರ ಪಾಲನ್ನು ಮಾರಿ ಹೊರನಡೆಯಿತು. ಬಹುಮತದ ಷೇರು ಕೈಯಲ್ಲಿದ್ದರೂ ಹೆಸರು ಕೈಯಲ್ಲಿರಲಿಲ್ಲ. ಕಚೇರಿ ಒಪ್ಪದ ಕಾಗದ ಕಾಗದವಲ್ಲ ಎಂದು 1980ರ ವಕೀಲನೊಬ್ಬ ಮೊದಲ ಸಭೆಯಲ್ಲೇ ಹೇಳಿರುತ್ತಿದ್ದ.

ವಿವಾದ ಬಂದರೆ ಎಲ್ಲಿಗೆ ಹೋಗಬೇಕೆಂಬ ವಿಧಿ ಭಾರತೀಯರಿಗೆ ಇಂದಿಗೂ ನೇರವಾಗಿ ತಾಗುವ ಸಂಗತಿ. ಚೀನಾ 1987ರಲ್ಲಿ ನ್ಯೂಯಾರ್ಕ್ ಮಧ್ಯಸ್ಥಿಕೆ ಒಡಂಬಡಿಕೆಯನ್ನು ಸೇರಿತು. ಭಾರತ ತನ್ನ ಗೆಜೆಟ್‌ನಲ್ಲಿ ಚೀನಾವನ್ನು ಆ ಒಡಂಬಡಿಕೆ ಅನ್ವಯವಾಗುವ ಪ್ರದೇಶವೆಂದು ಘೋಷಿಸಿದ್ದು 2012ರಲ್ಲಿ. ಹೀಗಾಗಿ ಎರಡೂ ಕಡೆ ಇನ್ನೊಂದು ದೇಶದ ನ್ಯಾಯಾಲಯದ ಡಿಕ್ರಿಗಿಂತ ಮಧ್ಯಸ್ಥಿಕೆಯ ತೀರ್ಪನ್ನು ಜಾರಿ ಮಾಡಿಸುವುದು ಸುಲಭ. ಹಾಗಿದ್ದೂ "ಬೆಂಗಳೂರು ನ್ಯಾಯಾಲಯಗಳ ವ್ಯಾಪ್ತಿಗೆ ಒಳಪಟ್ಟಿದೆ" ಎಂಬ ಸಾಲನ್ನು ಹಳೆಯ ಕರಾರಿನಿಂದ ನಕಲು ಮಾಡಿ ಚೀನೀ ಸರಬರಾಜುದಾರನಿಗೆ ಕಳಿಸಿದರೆ, ಇಲ್ಲಿ ಗೆದ್ದ ಡಿಕ್ರಿಯನ್ನು ಅಲ್ಲಿ ಒಪ್ಪಿಸಲು ಒಪ್ಪಂದವನ್ನೋ ಪರಸ್ಪರತೆಯನ್ನೋ ತೋರಿಸಬೇಕಾಗುತ್ತದೆ.

2020ರ ಜನವರಿಯಲ್ಲಿ ಹೊಸ ವಿದೇಶಿ ಹೂಡಿಕೆ ಕಾಯಿದೆ ಜಾರಿಯಾಗಿ 1979ರ ಕಾಯಿದೆ ರದ್ದಾಯಿತು. ಹಳೆಯ ಅನುಮೋದನೆ ಪದ್ಧತಿ ಅದಕ್ಕೂ ಮೊದಲೇ ಬಹುಪಾಲು ಸಡಿಲಗೊಂಡಿತ್ತು. ನೋಂದಣಿಯ ಪ್ರಾಬಲ್ಯ ಮಾತ್ರ ಉಳಿದಿದೆ. ಕಂಪನಿಯ ಕಾನೂನು ಪ್ರತಿನಿಧಿ ಯಾರು, ನೋಂದಾಯಿತ ಬಂಡವಾಳ ಎಷ್ಟು, ಯಾವ ವ್ಯವಹಾರಕ್ಕೆ ಪರವಾನಗಿ ಇದೆ ಎಂಬುದನ್ನು ಸರ್ಕಾರಿ ಜಾಲತಾಣದಲ್ಲೇ ನೋಡಬಹುದು. ಆದರೆ ಅಲ್ಲಿ ನೋಂದಣಿಯಾಗಿರುವುದು ಚೀನೀ ಲಿಪಿಯ ಹೆಸರು. ಇಂಗ್ಲಿಷ್ ಹೆಸರಿಗೆ ಅಂಥ ಸ್ಥಾನವಿಲ್ಲ. ಪೀಣ್ಯದ ಒಬ್ಬ ಕಾರ್ಖಾನೆಯವರು ಇಂಗ್ಲಿಷ್ ಹೆಸರಿದ್ದ ಪ್ರೊಫಾರ್ಮಾ ಇನ್‌ವಾಯ್ಸನ್ನಷ್ಟೇ ನಂಬಿ ಯಂತ್ರಕ್ಕೆ ಮುಂಗಡ ಕಳಿಸಿದರೆ, ನಾಳೆ ತಕರಾರು ಬಂದಾಗ ಸರಕು ಕೆಟ್ಟದ್ದೆಂದು ಸಾಧಿಸುವ ಮೊದಲು ತಾವು ವ್ಯವಹರಿಸಿದ್ದು ಯಾರ ಜೊತೆ ಎಂಬುದನ್ನೇ ಸಾಧಿಸಬೇಕಾಗುತ್ತದೆ.