ಎಳೆದಷ್ಟೂ ಎಳೆ

ಎಳೆ ಅಂದರೆ ನೂಲಿನ ಒಂದು ತಂತು. ಎಳೆ ಅಂದರೆ ಜಗ್ಗು. ಎಳೆ ಅಂದರೆ ಇನ್ನೂ ಬಲಿಯದ್ದು. ಎರಡೇ ಅಕ್ಷರದ ಈ ಮಾತು ಸೂಜಿಗೆ ದಾರ ಪೋಣಿಸುವವರಿಗೂ ಬೇಕು, ತೇರು ಎಳೆಯುವವರಿಗೂ ಬೇಕು, ಸಂತೆಯಲ್ಲಿ ಸೌತೆಕಾಯಿ ಆರಿಸುವವರಿಗೂ ಬೇಕು. ಯಾರಿಗೂ ಇದರಿಂದ ತೊಡಕಾಗಿಲ್ಲ. ಮೂರು ಅರ್ಥಗಳೂ ಒಂದೇ ಮನೆಯಲ್ಲಿ, ಒಂದೇ ಶನಿವಾರ ಓಡಾಡುವುದನ್ನು ಕಾಣಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡದ ಮನೆಗಳಿಗೆ ಹೋಗಬೇಕು. ಸೋಫಾದ ಮೂಲೆಯಲ್ಲಿ ಉಲ್ಲನ್ ಉಂಡೆ ಮತ್ತು ಕಡ್ಡಿ, ಹಿತ್ತಿಲಲ್ಲಿ ನಾಲ್ಕು ಬೆಂಡೆ ಗಿಡ ಮತ್ತು ಕುಂಡದಲ್ಲಿ ಕರಿಬೇವು, ಊರಿನಿಂದ ಬಂದಿರುವ ಅಜ್ಜಿ, ಅವಳ ಮಡಿಲಲ್ಲಿ ಕೂಸು.

ಮೂಲದಲ್ಲಿ ಇವು ಮೂರೂ ಒಂದೇ ಮಾತಲ್ಲ. ಹಳಗನ್ನಡದಲ್ಲಿ ಜಗ್ಗುವ ಎಳೆಗೂ ನೂಲಿನ ಎಳೆಗೂ ೞಕಾರವಿತ್ತು, ಅವು ‘ಎೞೆ’. ಬಲಿಯದ ಎಳೆಗೆ ಮಾತ್ರ ಈಗಿನ ಳಕಾರ. ತಮಿಳರು ಈ ಭೇದವನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ: ಅವರ ನೂಲು ‘ಇೞೈ’, ಜಗ್ಗುವುದು ‘ಇೞು’, ಎಳನೀರು ಮಾತ್ರ ‘ಇಳನೀರ್’. ಕನ್ನಡದ ನಾಲಿಗೆ ನಡುದಾರಿಯಲ್ಲೇ ೞಕಾರವನ್ನು ಬಿಟ್ಟಿತು. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ೞಕಾರವಿರುವ ಮಾತುಗಳನ್ನು ಪಟ್ಟಿ ಮಾಡಿಯೇ ಹೇಳಬೇಕಾಯಿತು. ಮಾತಾಡುವವರಿಗೆ ತಾನಾಗಿಯೇ ತಿಳಿಯುವಂತಿದ್ದರೆ ಪಟ್ಟಿಯ ಅಗತ್ಯವಿರುತ್ತಿರಲಿಲ್ಲ. ಹೀಗೆ ಬೇರೆ ಬೇರೆ ಮನೆಯ ಮಾತುಗಳು ಒಂದೇ ಸೂರಿನಡಿ ಬಂದವು. ವ್ಯಾಕರಣದ ಕಣ್ಣಿಗೆ ಇದು ನಷ್ಟ. ಬಳಸುವವರಿಗೆ ಮಾತ್ರ ಲಾಭವೇ ಆಯಿತು ಎನ್ನಬೇಕು, ಏಕೆಂದರೆ ಕೈಕೆಲಸ ಬಲ್ಲವರ ಬದುಕಿನಲ್ಲಿ ಈ ಮೂರೂ ನಿಜವಾಗಿ ಒಂದರೊಳಗೊಂದು ಸೇರಿಕೊಂಡಿವೆ.

ನೂಲುವವರನ್ನು ನೋಡಿದರೆ ಸಾಕು. ಹಂಜಿಯ ತುದಿಯನ್ನು ಕದಿರಿಗೆ ಹಚ್ಚಿ ಒಂದು ಕೈ ರಾಟೆ ತಿರುಗಿಸುತ್ತದೆ, ಇನ್ನೊಂದು ಕೈ ಹಂಜಿಯನ್ನು ಹಿಂದಕ್ಕೆ ಎಳೆಯುತ್ತದೆ. ಅರಳೆಯ ನಾರುಗಳು ಒಂದರ ಮೇಲೊಂದು ಜಾರಿ ತೆಳ್ಳಗಾಗುತ್ತಿರುವಾಗಲೇ ಕದಿರಿನ ಸುತ್ತು ಹುರಿಯಾಗಿ ಬಂದು ಅವುಗಳನ್ನು ಬಿಗಿಹಿಡಿಯುತ್ತದೆ. ಹುರಿ ಸಾಲದಿದ್ದರೆ ನಾರು ಜಾರಿ ಎಳೆ ತುಂಡಾಗುತ್ತದೆ. ಹೆಚ್ಚಾದರೆ ನಾರು ಜಾರುವುದೇ ಇಲ್ಲ, ನೂಲು ಸುರುಟಿಕೊಂಡು ಗಂಟಾಗುತ್ತದೆ. ಉಣ್ಣೆಯ ನಾರು ಉದ್ದ, ಸ್ವಲ್ಪ ತಪ್ಪಿದರೂ ಕ್ಷಮಿಸುತ್ತದೆ. ಹತ್ತಿಯ ನಾರು ಎರಡೂವರೆ ಮೂರು ಸೆಂಟಿಮೀಟರಿನಷ್ಟು ಗಿಡ್ಡ. ಅದಕ್ಕೆ ಹುರಿಯೂ ಹೆಚ್ಚು ಬೇಕು, ಎಳೆಯುವ ಕೈಯೂ ಹಗುರವಿರಬೇಕು. ಅದಕ್ಕಾಗಿಯೇ ಅಮೆರಿಕದ ಕೈನೂಲಿನವರು ಉಣ್ಣೆಗೆ ಕಾಲಿನಲ್ಲಿ ತುಳಿಯುವ ರಾಟೆಯನ್ನು ಇಟ್ಟುಕೊಂಡಿದ್ದರೂ, ಹತ್ತಿಯ ಮಾತು ಬಂದಾಗ ಭಾರತದ ಪೆಟ್ಟಿಗೆ ಚರಕವನ್ನೂ ಪುಸ್ತಕದಂತೆ ಮಡಚಿಡುವ ಚಿಕ್ಕ ಚರಕವನ್ನೂ ಹುಡುಕಿಕೊಂಡು ಬರುತ್ತಾರೆ. ಕೈಯನ್ನು ಉದ್ದಕ್ಕೆ ಹಿಂದೆ ಸರಿಸಿ ಒಂದೇ ಉಸಿರಿಗೆ ನೂಲು ತೆಗೆಯುವ ವಿಧಾನವನ್ನು ಅವರು ‘ಲಾಂಗ್ ಡ್ರಾ’ ಎನ್ನುತ್ತಾರೆ. ಬದನವಾಳಿನ ಖಾದಿ ಕೇಂದ್ರದಲ್ಲಿ ನೂತ ಹೆಂಗಸರಿಗೆ ಇದಕ್ಕೆ ಬೇರೆ ಹೆಸರೇ ಬೇಕಿರಲಿಲ್ಲ. ನೂಲುವುದೆಂದರೆ ಎಳೆಯುವುದೇ.

ಕನ್ನಡಕ್ಕೂ ರಾಟೆಗೂ ನಂಟು ಹಳೆಯದು. 12ನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಕಾಯಕ ನೂಲುವುದು, ಹೆಸರಿನಲ್ಲೇ ಕದಿರಿದೆ. ತಾನು ತಿರುಗಿಸುವ ರಾಟೆಯ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವರನ್ನು ಹೊಂದಿಸಿ ವಚನ ಕಟ್ಟಿದವಳು ಅವಳು. ಎಂಟು ಶತಮಾನದ ಮೇಲೆ, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಆ ಒಂದೇ ಅಧಿವೇಶನದಲ್ಲಿ, ಪಕ್ಷದ ಸದಸ್ಯರಾಗಲು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಬಂತು. ನಾಲ್ಕಾಣೆ ಚಂದಾ ಎಣಿಸಿ ಕೊಡುವುದಕ್ಕಿಂತ 2,000 ಗಜ ಎಳೆ ಎಳೆದು ಕೊಡುವುದು ಎಷ್ಟು ಬೇರೆ ಬಗೆಯ ಲೆಕ್ಕವೆಂದು ರಾಟೆಯ ಮುಂದೆ ಕೂತು ನೋಡಿದವರಿಗೇ ಗೊತ್ತು.

ಬೇ ಏರಿಯಾದಲ್ಲೂ ಅದರ ಆಚೀಚೆಯಲ್ಲೂ ಎಳೆಯ ಮೇಲೆ ಇಂಥದೇ ಶ್ರದ್ಧೆ ಇಟ್ಟವರಿದ್ದಾರೆ. ಸ್ಯಾಲಿ ಫಾಕ್ಸ್ ಎಳವೆಯಲ್ಲೇ ನೂಲಲು ಕಲಿತವರು. 1980ರ ದಶಕದ ಆರಂಭದಲ್ಲಿ ಹತ್ತಿಯ ತಳಿ ಬೆಳೆಸುವವರ ಬಳಿ ಕೆಲಸ ಮಾಡುವಾಗ ಅವರ ಕೈಗೆ ಕಂದು ಹತ್ತಿಯ ಬೀಜ ಸಿಕ್ಕಿತು. ಬಣ್ಣ ಚೆನ್ನಾಗಿತ್ತು, ನಾರು ಮಾತ್ರ ತೀರ ಗಿಡ್ಡ, ಗಿರಣಿಗೆ ಒಗ್ಗದು. ಉದ್ದ ನಾರಿನ ಬಿಳಿ ಹತ್ತಿಯೊಡನೆ ಅದನ್ನು ಅಡ್ಡತಳಿ ಮಾಡುತ್ತ, ವರ್ಷವರ್ಷವೂ ಒಳ್ಳೆಯ ಗಿಡಗಳ ಬೀಜ ಆರಿಸಿ ಬಿತ್ತುತ್ತ, ಯಂತ್ರದಲ್ಲೂ ನೂಲಬಹುದಾದ ಕಂದು ಮತ್ತು ಹಸಿರು ಹತ್ತಿಯನ್ನು ಅವರು ಬೆಳೆದರು. ಈ ಬಟ್ಟೆ ಒಗೆದಾಗ ಬಣ್ಣ ಬಿಡುವುದಿಲ್ಲ, ಬದಲಿಗೆ ಗಾಢವಾಗುತ್ತದೆ. ಅವರ ಹೊಲವಿರುವುದು ಕೇಪೇ ಕಣಿವೆಯಲ್ಲಿ, ಹತ್ತಿಯ ಜೊತೆಗೆ ಕುರಿಗಳೂ ಇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಇದೇ ಹಾದಿಯಲ್ಲಿ ಕಂದು ಬಣ್ಣದ ದೇಸಿ ಹತ್ತಿಯ ತಳಿ ಬೆಳೆಸಿದ್ದಾರೆ. ಇತ್ತ ಮರಿನ್ ಕೌಂಟಿಯಲ್ಲಿ ರೆಬೆಕಾ ಬರ್ಜೆಸ್ 2010ರಲ್ಲಿ ಒಂದು ಪಣ ತೊಟ್ಟರು: ಒಂದು ವರ್ಷ ಕಾಲ 150 ಮೈಲಿಯೊಳಗೆ ಬೆಳೆದ ನಾರು, ಅಲ್ಲಿಯದೇ ಬಣ್ಣ, ಅಲ್ಲಿಯ ಕೈಗಳೇ ಮಾಡಿದ ಬಟ್ಟೆ ಮಾತ್ರ ಉಡುವುದು. ಅದರಿಂದಲೇ ‘ಫೈಬರ್‌ಶೆಡ್’ ಸಂಸ್ಥೆ ಹುಟ್ಟಿತು. ಖಾದಿಯ ನಾಡಿನಿಂದ ಹೋದವರಿಗೆ ಈ ಪಣ ಹೊಸದೆನಿಸಲಾರದು, ಆದರೂ ಕಂಪ್ಯೂಟರಿನ ಕಣಿವೆಯ ನೆರೆಯಲ್ಲಿ ಅದನ್ನು ಮತ್ತೆ ಕೇಳುವುದು ಸಂತೋಷವೇ.

ಒಂಟಿ ಎಳೆಯಲ್ಲಿ ಹೆಣೆದ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ. ಬಲಕ್ಕೆ ತಿರುಗಿಸಿ ನೂತ ಎರಡು ಎಳೆಗಳನ್ನು ಎಡಕ್ಕೆ ತಿರುಗಿಸಿ ಹುರಿ ಮಾಡಿದಾಗ ಎರಡರ ಸೆಳೆತವೂ ಸರಿದೂಗಿ ನೂಲು ನೆಟ್ಟಗೆ ನಿಲ್ಲುತ್ತದೆ. ಜನಿವಾರದ ಮೂರು ಎಳೆಗಳಲ್ಲಿ ಒಂದೊಂದೂ ಮತ್ತೆ ಮೂರೆಳೆಯ ಹುರಿಯಾಗಿರುವುದಕ್ಕೂ, ಸ್ವೆಟರಿನ ಉಲ್ಲನ್ ಕೊಳ್ಳುವಾಗ ‘ಫೋರ್ ಪ್ಲೈ’ ಕೇಳುವುದಕ್ಕೂ ಹಿಂದಿರುವ ಜಾಣತನ ಒಂದೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜುಲೈ ತಿಂಗಳ ಮಧ್ಯಾಹ್ನವೂ ಬಿಸಿಲು 20 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಹೆಣೆದ ಸ್ವೆಟರ್ ಬೀರುವಿನಲ್ಲಿ ಕೊಳೆಯುವುದಿಲ್ಲ. ಮಗುವಿಗೆ ಗಿಡ್ಡವಾದ ಸ್ವೆಟರನ್ನು ಬಿಚ್ಚಿ, ಎಳೆಯನ್ನು ಉಂಡೆ ಸುತ್ತಿ, ತಂಗಿಗೆ ಮತ್ತೆ ಹೆಣೆಯುವ ಅಭ್ಯಾಸ ಮೈಸೂರಿನ ಮನೆಗಳಿಂದ ಹಾಗೆಯೇ ಹೋಗಿದೆ. ಬಿಚ್ಚುವ ಕೆಲಸ ಮಕ್ಕಳದು, ಎಳೆದಷ್ಟೂ ಎಳೆ ಬರುತ್ತಿದ್ದರೆ ಅವರಿಗೆ ಬೇರೆ ಆಟಿಕೆ ಬೇಡ.

ಗೌರಿ ಹಬ್ಬ ಹತ್ತಿರವಾದಾಗ ಎಳೆಗೆ ಇನ್ನಷ್ಟು ಕೆಲಸ. ಗೌರಿಗೆ ಹದಿನಾರು ಗಂಟಿನ ದಾರವಾಗಬೇಕು, ಗಣಪನಿಗೆ ಗೆಜ್ಜೆವಸ್ತ್ರವಾಗಬೇಕು, ದೀಪಕ್ಕೆ ಎಳೆಬತ್ತಿ ಹೊಸೆಯಬೇಕು. ಔಷಧದಂಗಡಿಯ ಹತ್ತಿಯುಂಡೆ ತುಂಡು ನಾರಿನದು, ಎಷ್ಟು ಹೊಸೆದರೂ ಎಳೆ ನಿಲ್ಲದು ಎಂದು ಅಜ್ಜಿಯರು ಬೇಗ ಕಂಡುಕೊಳ್ಳುತ್ತಾರೆ. ಕೈನೂಲಿನವರ ಅಂಗಡಿಯಲ್ಲಿ ಸಿಗುವ ಹತ್ತಿಯ ಹಂಜಿ ತಂದುಕೊಟ್ಟರೆ ಅವರ ಬೆರಳು ಗುರುತು ಹಿಡಿಯುತ್ತದೆ.

ಅಡುಗೆಮನೆಯಲ್ಲಿ ಇದೇ ಎಳೆ ಹದದ ಮಾತು. ಮೈಸೂರು ಪಾಕಿಗೆ ಒಂದೆಳೆ ಪಾಕ ಬೇಕು. ಬೆರಳ ನಡುವೆ ಪಾಕ ಮುಟ್ಟಿ ಅಗಲಿಸಿದಾಗ ಒಂದು ತಂತು ಮುರಿಯದೆ ನಿಂತರೆ ಹದ ಬಂತು. ಅಮೆರಿಕದ ಮಿಠಾಯಿ ಪುಸ್ತಕಗಳಲ್ಲೂ ಇದು ‘ಥ್ರೆಡ್ ಸ್ಟೇಜ್’, 230ರಿಂದ 235 ಡಿಗ್ರಿ ಫ್ಯಾರನ್‌ಹೀಟ್. ದೀಪಾವಳಿಯ ಹೊತ್ತಿಗೆ ಬೇ ಏರಿಯಾದ ಫ್ರೀಮಾಂಟಿನ ಅಡುಗೆಮನೆಗಳಲ್ಲಿ ಮಗಳು ಥರ್ಮಾಮೀಟರ್ ಹಿಡಿದಿದ್ದರೆ ಅಮ್ಮ ಬೆರಳು ನೋಡಿಕೊಳ್ಳುತ್ತಿರುತ್ತಾರೆ. ‘ಇನ್ನೊಂದು ಕುದಿ ಬರಲಿ ಕಣೇ, ಎಳೆ ನಿಲ್ತಾ ಇಲ್ಲ.’

ಹಿತ್ತಿಲಿಗೆ ಬಂದರೆ ಮಾತು ಬೇರೆ ಅರ್ಥಕ್ಕೆ ಹೊರಳುತ್ತದೆ. ಇಲ್ಲಿ ಎಳೆಯ ಎದುರಾಳಿ ‘ಬಲಿತ’. ಸ್ಯಾನ್ ಫ್ರಾನ್ಸಿಸ್ಕೊದ ಮಂಜಿನಲ್ಲಿ ಬೆಂಡೆ ಏಳುವುದಿಲ್ಲ, ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಸ್ಯಾನ್ ಹೋಸೆಯಲ್ಲಿ, ಮೇ ತಿಂಗಳಲ್ಲಿ ಮಣ್ಣು ಬೆಚ್ಚಗಾದ ಮೇಲೆ ಬಿತ್ತಿದರೆ ಚೆನ್ನಾಗಿ ಬರುತ್ತದೆ. ಈ ಸಾಂತಾ ಕ್ಲಾರಾ ಕಣಿವೆ ಕಂಪ್ಯೂಟರ್ ಚಿಪ್ಪಿಗಿಂತ ಮೊದಲು ಹಣ್ಣಿನ ತೋಟಗಳಿಗೆ ಹೆಸರಾಗಿತ್ತು. ಸನ್ನಿವೇಲ್ ನಗರ ತನ್ನ ಆಪ್ರಿಕಾಟ್ ತೋಟವೊಂದನ್ನು ನೆನಪಿಗಾಗಿ ಇನ್ನೂ ಕಾಪಾಡಿಕೊಂಡಿದೆ. ಅಂಥ ಮಣ್ಣಿನಲ್ಲಿ ಬೆಂಡೆ ಹಟ ಹಿಡಿದು ಬೆಳೆಯುತ್ತದೆ. ಬೇಸಿಗೆಯ ಕಾವಿನಲ್ಲಿ ಎರಡು ದಿನ ಮರೆತರೆ ಕಾಯಿ ಬಲಿತು ನಾರಾಗುತ್ತದೆ. ತುದಿ ಮುರಿದು ನೋಡುವ ಪರೀಕ್ಷೆ ಅಂಗಡಿಯಲ್ಲಿ ಮಾಡಿದರೆ ಅಂಗಡಿಯವರಿಗೆ ಸಿಟ್ಟು ಬರುತ್ತದೆ, ಸ್ವಂತ ಹಿತ್ತಿಲಲ್ಲಿ ಮನದಣಿಯೆ ಮುರಿಯಬಹುದು.

ಎಳೆಯದರ ರುಚಿಯನ್ನು ಈ ಸೀಮೆಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ. 1971ರಲ್ಲಿ ಬರ್ಕ್ಲಿಯಲ್ಲಿ ಷೇ ಪಾನೀಸ್ ಹೋಟೆಲು ತೆರೆದ ಆಲಿಸ್ ವಾಟರ್ಸ್, ಎಳೆ ಸೊಪ್ಪುಗಳನ್ನು ಬೆರೆಸಿದ ಫ್ರೆಂಚರ ಸಲಾಡನ್ನು ಅಮೆರಿಕಕ್ಕೆಲ್ಲ ರೂಢಿ ಮಾಡಿದವರಲ್ಲಿ ಮುಖ್ಯರು. ಈಗ ಯಾವ ಅಂಗಡಿಗೆ ಹೋದರೂ ‘ಬೇಬಿ’ ಪಾಲಕ್, ‘ಬೇಬಿ’ ಕ್ಯಾರೆಟ್. ಸೊಪ್ಪು ತರಕಾರಿಗೂ ಕೂಸಿಗೂ ಒಂದೇ ಗುಣವಾಚಕ ಹಚ್ಚುವ ಬುದ್ಧಿ ಎರಡು ನುಡಿಗಳಲ್ಲೂ ಇದೆ.

ಎಳೆ ಚಿಗುರಿಗೆ ಅಪಾಯವೂ ಇದೆ. ಏಷ್ಯಾದ ಸಿಟ್ರಸ್ ಸಿಲಿಡ್ ಎಂಬ ಸಣ್ಣ ಕೀಟ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡುಬಂತು. ಕಿತ್ತಳೆ, ನಿಂಬೆಗಳನ್ನು ಕೊಲ್ಲುವ ಹುವಾಂಗ್ಲಾಂಗ್‌ಬಿಂಗ್ ರೋಗವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವ ಕೀಟ ಇದು. 2012ರಲ್ಲಿ ಲಾಸ್ ಏಂಜಲಿಸ್ ಕೌಂಟಿಯ ಒಂದು ಹಿತ್ತಿಲ ಮರದಲ್ಲಿ ರೋಗವೂ ಸಿಕ್ಕಿತು. ಸಿಲಿಡ್ ಮೊಟ್ಟೆಯಿಡುವುದು ಬಲಿತ ಎಲೆಯ ಮೇಲಲ್ಲ, ಆಗತಾನೇ ಒಡೆದ ಎಳೆ ಚಿಗುರಿನ ಮೇಲೆ. ಕರಿಬೇವು ಕಿತ್ತಳೆಯ ಕುಲದ್ದೇ ಗಿಡ, ಸಿಲಿಡ್‌ಗೆ ಅದರ ಚಿಗುರೆಂದರೆ ಅಚ್ಚುಮೆಚ್ಚು. ಆದ್ದರಿಂದ ಸಾಂತಾ ಕ್ಲಾರಾ ಕೌಂಟಿಯೂ ಸೇರಿ ಬೇ ಏರಿಯಾದ ಭಾಗಗಳು ನಿರ್ಬಂಧಿತ ವಲಯದೊಳಗೆ ಬಂದಿವೆ, ಅಲ್ಲಿಂದ ಆಚೆಗೆ ಕರಿಬೇವಿನ ಗಿಡ ಒಯ್ಯುವಂತಿಲ್ಲ. ಗೆಳತಿಯ ಮನೆಯ ಸಸಿಯನ್ನು ಕಾರಿನಲ್ಲಿಟ್ಟು ವಲಯದಾಚೆಯ ಊರಿಗೆ ಕೊಡುವುದು ಕನ್ನಡಿಗರಿಗೆ, ತೆಲುಗರಿಗೆ, ತಮಿಳರಿಗೆ ಸ್ನೇಹದ ರೀತಿ, ಕಾನೂನಿಗೆ ಅಪರಾಧ. ಈ ಕಾನೂನಿನ ಪರವಾಗಿಯೇ ನಿಲ್ಲಬೇಕು. ಒಂದು ಒಗ್ಗರಣೆಯ ಪರಿಮಳಕ್ಕಾಗಿ ನೆರೆಯವರ ನಿಂಬೆಮರ ಸಾಯಬಾರದು. ಗಿಡವಿದ್ದವರು ಚಿಗುರನ್ನು ತಿರುವಿ ನೋಡುತ್ತಿದ್ದರೆ, ಮೇಣದ ಎಳೆಯಂಥ ಬಿಳಿ ಕಸರು ಕಂಡೊಡನೆ ಕೃಷಿ ಇಲಾಖೆಗೆ ತಿಳಿಸಿದರೆ, ಗಿಡವೂ ಉಳಿದೀತು.

ಮನೆಯೊಳಗೆ ಎಳೆ ಎಂದರೆ ಮಕ್ಕಳು. ಎಳೆಗೂಸು, ಎಳೆಯರು, ಎಳವೆ, ಬುದ್ಧಿ ಬಲಿಯದ ಮಾತಿಗೆ ಎಳಸು. ಹೊಸದಾಗಿ ಕರು ಹಾಕಿದ ಹಸು ಎಳಗಂದಿ. ಆದರೆ ಹೆತ್ತ ಹೆಣ್ಣು ಎಳೆ ಬಾಣಂತಿಯಲ್ಲ, ಹಸಿ ಬಾಣಂತಿ. ಮೈಯ ಗಾಯ ಇನ್ನೂ ಆರಿಲ್ಲ ಎನ್ನುವುದನ್ನು ಆ ‘ಹಸಿ’ ಮರೆಯದೆ ಹೇಳುತ್ತದೆ. ಬಾಣಂತನ ಮಾಡಲು ಕ್ಯಾಲಿಫೋರ್ನಿಯಾಕ್ಕೆ ಹಾರಿಬರುವ ತಾಯಂದಿರಿಗೆ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ‘ಎಳೆ ಮಗು ಕಣಮ್ಮ, ಕತ್ತು ನಿಂತಿಲ್ಲ, ಕೈ ಕೊಟ್ಟು ಎತ್ಕೋ’ ಎಂದು ಶುರುವಾದ ಆರು ತಿಂಗಳು ಮಗು ಕೂರಲು ಹವಣಿಸುವ ಹೊತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಒಂದು ಕುಲಾವಿ, ಒಂದು ಸ್ವೆಟರ್, ಡಬ್ಬಿ ತುಂಬ ಬತ್ತಿ ಆಗಿರುತ್ತದೆ. ಅಳತೆಗಿಂತ ಎರಡು ಬೆರಳು ದೊಡ್ಡದಾಗಿ ಹೆಣೆದಿಟ್ಟು ಹೋಗುವುದು ಬುದ್ಧಿವಂತ ಅಜ್ಜಿಯರ ಪದ್ಧತಿ.

ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಲ್ಲಿ ಶುರುವಾದದ್ದು. ಅದು ಕಟ್ಟಿಬೆಳೆಸಿದ ಸಮುದಾಯದಲ್ಲಿ ಇವತ್ತು ಮಕ್ಕಳಿಗೆ ಕನ್ನಡದ ತರಗತಿಗಳೂ ಇವೆ. ಅಲ್ಲಿ ಕಲಿಸುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ಕಷ್ಟ ಳಕಾರದ್ದು. ಇಂಗ್ಲಿಷಿನಲ್ಲಿ ಆ ಧ್ವನಿ ಇಲ್ಲ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಬಾಯಲ್ಲಿ ಹುಳಿ ಹುಲಿಯಾಗುತ್ತದೆ, ಬಾಳೆ ಬಾಲೆಯಾಗುತ್ತದೆ, ಎಳೆ ಎಲೆಯಾಗುತ್ತದೆ. ಒಂದು ಕಾಲಕ್ಕೆ ೞ ಹೋಗಿ ಳ ಬಂತು, ಈಗ ಳ ಹೋಗಿ ಲ ಬರುತ್ತಿದೆ. ಕೇಶಿರಾಜನಂತೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದರೆ ಮಕ್ಕಳು ಓಡಿಹೋಗುತ್ತಾರೆ. ಕರಿಬೇವಿನ ಕುಂಡದ ಮುಂದೆ ನಿಲ್ಲಿಸಿ, ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸುವುದನ್ನು ತೋರಿಸಿ, ‘ಎಳೆ ಎಲೆ ಎಳೆಯಬೇಡ’ ಎಂದು ಬೇಗ ಬೇಗ ಹತ್ತು ಸಲ ಹೇಳುವ ಪಂದ್ಯ ಕಟ್ಟಿದರೆ, ಅಜ್ಜಿಯೂ ಸೋಲಬಹುದಾದ ಆಟ ಅದು.