ನನ್ನ ಕಾರೂ ಎಂ-1 ಹೆದ್ದಾರಿಯೂ

ನನ್ನ ಮಾರಿಸ್ ಮೈನರ್ ಕಾರು ಕಾರ್ಖಾನೆಯಿಂದ ಹೊರಬಿದ್ದದ್ದು 1959ರಲ್ಲಿ. ಲಂಡನ್ನಿನ ಕಡೆಯಿಂದ ಉತ್ತರಕ್ಕೆ ಸಾಗುವ ಎಂ-1 ಹೆದ್ದಾರಿಯ ಮೊದಲ ಭಾಗ ಜನರಿಗೆ ತೆರೆದದ್ದೂ ಅದೇ ವರ್ಷ, ನವೆಂಬರ್ 2ರಂದು. ಒಂದೇ ನಾಡಿನಲ್ಲಿ ಒಂದೇ ವರ್ಷ ಹುಟ್ಟಿದ ಓರಗೆಯವರಿಗೆ ಪರಸ್ಪರ ಸ್ನೇಹವಿರಬೇಕಾದ್ದು ನ್ಯಾಯ. ಇವರಿಬ್ಬರಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ.

ನಾನು ವೈದ್ಯನಾಗಿ ಧಾರವಾಡದಿಂದ ಇಂಗ್ಲೆಂಡಿಗೆ ಬಂದದ್ದು 1974ರಲ್ಲಿ. ನಾರ್ತಾಂಪ್ಟನ್ನಿನಲ್ಲಿ ಮನೆ ಮಾಡಿದ ಹೊಸದರಲ್ಲಿ, ಕಡಿಮೆ ಬೆಲೆಗೆ ಸಿಕ್ಕಿತೆಂದು ಈ ಕಾರನ್ನು ಕೊಂಡೆ. ಇಂದಿಗೂ ಅದು ಮನೆಯಲ್ಲಿದೆ. ಗಂಟೆಗೆ 40 ಮೈಲಿಯವರೆಗೆ ಇದರಷ್ಟು ಸಾಧು ಗಾಡಿ ಬೇರೊಂದಿಲ್ಲ. 45ಕ್ಕೆ ಗೊಣಗಾಟ ಆರಂಭ. 55 ದಾಟಿತೆಂದರೆ ಹಿಟ್ಟಿನ ಗಿರಣಿಯೊಳಗೆ ಕೂತಂತೆ. ನನ್ನ ಹೆಂಡತಿಗೆ ಇತ್ತೀಚೆಗೆ ಬಲಗಿವಿ ಮಂದವಾಗಿದೆ. ಇಲ್ಲಿಯೂ ನಮ್ಮಲ್ಲಿಯಂತೆ ಕಾರು ನಡೆಸುವವನು ಬಲಕ್ಕೆ ಕೂರುವುದರಿಂದ ನನ್ನ ಮಾತು ಹೋಗಿ ಬೀಳುವುದು ಆ ಕಿವಿಗೇ. ಹೀಗಾಗಿ ಲಂಡನ್ನಿನ ಮಗಳ ಮನೆಗೆ ಹೊರಟರೆ ದಾರಿಯುದ್ದಕ್ಕೂ ಇಬ್ಬರಿಗೂ ಮೌನವ್ರತ. ನಿಧಾನವಾಗಿ ಹೋಗೋಣವೆಂದರೆ ಲಾರಿಗಳ ಕಾಟ. ಇಲ್ಲಿಯ ದೊಡ್ಡ ಲಾರಿಗಳಿಗೆ ಗಂಟೆಗೆ 56 ಮೈಲಿ ಮೀರದಂತೆ ಯಂತ್ರದ ಕಡಿವಾಣ ಹಾಕಿದ್ದಾರೆ. ಅವು ಆ 56ನ್ನು ಬಿಟ್ಟುಕೊಡುವುದಿಲ್ಲ. 50ರಲ್ಲಿ ಹೋಗುವವನ ಕನ್ನಡಿಯ ತುಂಬ ಲಾರಿಯ ಮುಖವೇ. “ಕಾರನ್ನು ಮಾರಿಬಿಡಿ, ಇಲ್ಲದಿದ್ದರೆ ನಾನು ರೈಲಿನಲ್ಲಿ ಬರುತ್ತೇನೆ” ಎಂದು ಒಂದು ದಿನ ಹೇಳಿಯೇಬಿಟ್ಟಳು.

ಐವತ್ತು ವರ್ಷ ಅವಳು ಕೂತ ಕಾರು. ಮಾರಲು ಮನಸ್ಸು ಒಪ್ಪಲಿಲ್ಲ. ತಪ್ಪು ಯಾರದೆಂದು ಮೊದಲು ತಿಳಿಯೋಣವೆಂದು ಇದರ ಜಾತಕ ಬಿಡಿಸಿದೆ.

ಮೈನರನ್ನು ರೂಪಿಸಿದವನು ಆಲೆಕ್ ಇಸ್ಸಿಗೋನಿಸ್. ಸ್ಮಿರ್ನಾ ಪಟ್ಟಣದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದವನು. ಮುಂದೆ ‘ಮಿನಿ’ ಕಾರಿನಿಂದ ಜಗತ್ಪ್ರಸಿದ್ಧನಾದವನು. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಅವನ ಕೆಲಸ ಆರಂಭವಾಗಿತ್ತು. ಮಾದರಿ ಬಹುಪಾಲು ಸಿದ್ಧವಾದ ಮೇಲೆ ಅದರ ಅಗಲ ಸಾಲದೆಂದು ಕಣ್ಣಿಗೆ ಕಂಡಿತು. ಕಾರನ್ನು ಉದ್ದಕ್ಕೂ ಎರಡು ಹೋಳಾಗಿ ಸೀಳಿಸಿದ. ಹೋಳುಗಳನ್ನು ಸರಿಸುತ್ತ ನೋಡಿದ. ನಾಲ್ಕು ಅಂಗುಲ ದೂರವಾದಾಗ ಸಾಕು ಎಂದ. ಬಾನೆಟ್ಟಿನ ನಡುವೆ ಕಾಣುವ ಉಬ್ಬುಪಟ್ಟಿ ಆ ನಾಲ್ಕು ಅಂಗುಲದ ಗುರುತು. ಅಷ್ಟು ಹೊತ್ತಿಗೆ ಬಂಪರುಗಳು ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಕಾರ್ಖಾನೆಯ ಒಡೆಯ ಲಾರ್ಡ್ ನಫೀಲ್ಡ್ ಇದನ್ನು ನೋಡಿ, ಒಡೆದು ಬೇಯಿಸಿದ ಮೊಟ್ಟೆಯ ಹಾಗಿದೆ ಎಂದು ಮೂದಲಿಸಿದನಂತೆ. 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಅದೇ ಮೊಟ್ಟೆಯನ್ನು ಜನ ಮುತ್ತಿದರು. ಹತ್ತು ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರು ಇದೇ ಆಯಿತು.

ಕಾರಿನ ಒಡಲಿಗೆ ಇಸ್ಸಿಗೋನಿಸ್ ಕೊಟ್ಟದ್ದೆಲ್ಲ ಹೊಸದು. ಮುಂದಿನ ಎರಡು ಗಾಲಿಗಳೂ ಒಂದರ ಹಂಗು ಒಂದಕ್ಕಿಲ್ಲದೆ ಏರಿಳಿಯುವಂತೆ ತಿರುಚುಸರಳುಗಳ ಮೇಲೆ ನಿಂತವು. ಚುಕ್ಕಾಣಿ ಕೂದಲೆಳೆಯಷ್ಟು ನಿಖರ. ಎಂಜಿನು ಮಾತ್ರ ಬಡವರ ಮನೆಯದು! ಅವನು ಬಯಸಿದ್ದ ಹೊಸ ಎಂಜಿನು ದೊರೆಯಲಿಲ್ಲ. ಯುದ್ಧಕ್ಕೆ ಮುಂಚಿನ ಮಾರಿಸ್ ಎಯ್ಟ್ ಕಾರಿನ 918 ಸಿ.ಸಿ. ಎಂಜಿನನ್ನೇ ಕೂಡಿಸಬೇಕಾಯಿತು. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು ಒಂದಾದ ಮೇಲೆ ಆಸ್ಟಿನ್ನಿನ ಎಂಜಿನು ಬಂತು: ಮೊದಲು 803 ಸಿ.ಸಿ., 1956ರಲ್ಲಿ 948, 1962ರಲ್ಲಿ 1098.

ಇಂಗ್ಲಿಷರ ಎಂಜಿನುಗಳು ಹೀಗೇಕೆ ಎಂಬುದಕ್ಕೆ ಒಂದು ತೆರಿಗೆಯ ಕಥೆಯಿದೆ. 1921ರಿಂದ ಇಲ್ಲಿ ಕಾರಿನ ‘ಅಶ್ವಶಕ್ತಿ’ಗೆ ತಲಾ ಒಂದು ಪೌಂಡು ತೆರಿಗೆ. ಆ ಶಕ್ತಿಯನ್ನು ಅಳೆದು ನೋಡುತ್ತಿರಲಿಲ್ಲ. ಸಿಲಿಂಡರಿನ ಅಗಲದಿಂದ ಲೆಕ್ಕ ಕಟ್ಟುತ್ತಿದ್ದರು. ಉದ್ದಕ್ಕೆ ಸುಂಕವಿಲ್ಲ! ಜಾಣ ಎಂಜಿನಿಯರುಗಳು ಬಾವಿಯಂತೆ ಕಿರಿದಾದ, ಆಳವಾದ ಸಿಲಿಂಡರುಗಳನ್ನು ಕೊರೆಯಲು ಕಲಿತರು. ಯುದ್ಧಾನಂತರ ಆ ತೆರಿಗೆ ಹೋಯಿತು, ಅಭ್ಯಾಸ ಹೋಗಲಿಲ್ಲ. ಇಂಥ ಎಂಜಿನಿನ ಪಿಸ್ಟನ್ನು ಪ್ರತಿ ಸುತ್ತಿಗೂ ಹೆಚ್ಚು ದೂರ ಓಡಾಡಬೇಕು. ನಿಧಾನಕ್ಕೆ ಎಳೆಯುವುದರಲ್ಲಿ ಎತ್ತು, ಓಡಿಸಿದರೆ ಏದುಸಿರು. ಹಳ್ಳಿಯ ಬೇಲಿಸಾಲಿನ ಓಣಿಗಳಿಗೆ, ಚಿಕ್ಕಪುಟ್ಟ ದಿಣ್ಣೆಗಳಿಗೆ ಇದೇ ಸರಿಯಾಗಿತ್ತು. ಆಗಿನ ಇಂಗ್ಲೆಂಡಿನಲ್ಲಿ ಇದ್ದದ್ದೂ ಅಂಥ ರಸ್ತೆಗಳೇ.

ಎಂ-1 ತೆರೆದಾಗ ಅದಕ್ಕೆ ವೇಗಮಿತಿಯೇ ಇರಲಿಲ್ಲ. 70 ಮೈಲಿಯ ಮಿತಿ ಬಂದದ್ದು 1965ರ ಡಿಸೆಂಬರಿನಲ್ಲಿ. ಓಣಿಗಳಲ್ಲಿ ಬೆಳೆದ ಸಂಸಾರದ ಕಾರುಗಳನ್ನು ಜನ ಉತ್ಸಾಹದಿಂದ ಅಲ್ಲಿಗೆ ತಂದು, ನೆಲಕ್ಕೆ ಮುಟ್ಟುವಂತೆ ಪೆಡಲನ್ನು ಅದುಮಿದರು. ರೇಡಿಯೇಟರು ಕುದಿದು ದಾರಿಬದಿಗೆ ನಿಂತ ಗಾಡಿಗಳು ಬೇಕಾದಷ್ಟು. ಕಾರುಗಳಿಗೆ ಆ ವೇಗ ಹೊಸದಾಗಿರಲಿಲ್ಲ. ಅದೇ ವೇಗದಲ್ಲಿ ತಡೆಯಿಲ್ಲದೆ ಗಂಟೆಗಟ್ಟಲೆ ಓಡುವುದು ಹೊಸದಾಗಿತ್ತು.

ಇಷ್ಟು ತಿಳಿಯುವ ಮೊದಲೇ ನಾನು ಎರಡು ಪ್ರಯೋಗ ಮಾಡಿ ಮುಗಿಸಿದ್ದೆ. ತಳಕ್ಕೆ ಡಾಂಬರಿನ ಹಾಳೆ, ಅದರ ಮೇಲೆ ದಪ್ಪ ಕಂಬಳಿ ಹಾಸಿದೆ. ತಗಡಿನ ಝಣಝಣ ನಿಂತಿತು, ಎಂಜಿನಿನ ಆರ್ಭಟ ಹಾಗೇ ಉಳಿಯಿತು. ರೇಡಿಯಲ್ ಟಯರು ಹಾಕಿಸಿದೆ; ಕಾರು ಅತ್ತಿತ್ತ ಅಲೆಯುವುದು ನಿಂತಿತು, ಆರ್ಭಟ ನಿಲ್ಲಲಿಲ್ಲ. ಕಿವಿ ನೋಯುತ್ತದೆಂದು ಬಂದವರಿಗೆ ಹತ್ತಿ ಇಟ್ಟು ಕಳಿಸುವ ವೈದ್ಯನಲ್ಲ ನಾನು. ಕಾರಿಗೆ ಮಾಡಿದ್ದು ಅದೇ ವೈದ್ಯ.

ರೋಗ ಹಿಡಿದವನು ಒಬ್ಬ ನಿವೃತ್ತ ಫಿಟ್ಟರು. ಅವನು ಬಾನೆಟ್ಟು ತೆರೆಯಲೇ ಇಲ್ಲ. ನೇರವಾಗಿ ಕಾರಿನ ಹಿಂದೆ ಹೋಗಿ ಬಗ್ಗಿದ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂಥ ಒಂದು ಉಕ್ಕಿನ ಗುಡಾಣವಿದೆ. ಅದರೊಳಗಿನ ಹಲ್ಲುಚಕ್ರಗಳ ಲೆಕ್ಕ ನನ್ನ ಕಾರಿನಲ್ಲಿ 4.55. ಅಂದರೆ ಮೇಲಿನ ಗೇರಿನಲ್ಲಿ ಗಾಲಿ ಒಂದು ಸುತ್ತು ಬರಬೇಕಾದರೆ ಎಂಜಿನು ನಾಲ್ಕೂವರೆ ಸುತ್ತಿಗಿಂತ ಹೆಚ್ಚು ತಿರುಗಬೇಕು. 60 ಮೈಲಿಯಲ್ಲಿ ನಿಮಿಷಕ್ಕೆ ಸುಮಾರು 3,950 ಸುತ್ತು. ಹಳೆಯ ಎಂಜಿನು ಸವೆದಾಗ ನಾನು 1098ರ ಎಂಜಿನನ್ನು ಕೂಡಿಸಿದ್ದೆ. ಕಾರ್ಖಾನೆಯವರು ಆ ಎಂಜಿನಿನ ಜೊತೆಗೆ 4.22ರ ಅಚ್ಚನ್ನೂ ಕೊಡುತ್ತಿದ್ದರು. ನಾನು ಹಳೆಯದನ್ನೇ ಉಳಿಸಿಕೊಂಡಿದ್ದೆ. ಬಲವಾದ ಆಳನ್ನು ತಂದು ಹಸುಳೆಯ ಹೆಜ್ಜೆ ಹಾಕಿಸಿದ ಹಾಗೆ.

ಔಷಧ ಮೈನರಿನ ನೆಂಟರ ಮನೆಯಲ್ಲೇ ಇತ್ತು. 1957ರಲ್ಲಿ ಮೈನರಿನ ತಳಹದಿಯ ಮೇಲೆಯೇ, ದೊಡ್ಡ ಎಂಜಿನಿಟ್ಟು, ರೈಲಿ ಒನ್-ಪಾಯಿಂಟ್-ಫೈವ್ ಎಂಬ ಕಾರನ್ನು ಕಟ್ಟಿದ್ದರು. ಅದರ ಅಚ್ಚಿನ ಲೆಕ್ಕ 3.73. ಆ ಹಲ್ಲುಚಕ್ರಗಳ ಗಂಟು ಮೈನರಿನ ಗುಡಾಣಕ್ಕೆ ಹೇಳಿಮಾಡಿಸಿದಂತೆ ಕೂರುತ್ತದೆ. ರೈಲು ಕೇಳಿದವಳಿಗೆ ರೈಲಿಯನ್ನು ತಂದುಕೊಟ್ಟೆ. ವೇಗ ಹೆಚ್ಚಿದರೆ ನಿಲ್ಲಿಸಲೂ ಬರಬೇಕಲ್ಲ. ಅದೇ ಕಾರಿನ ದೊಡ್ಡ ಬ್ರೇಕುಗಳನ್ನೂ ಮುಂದಿನ ಗಾಲಿಗಳಿಗೆ ಹಾಕಿಸಿದೆ. ಈಗ 60 ಮೈಲಿಗೆ ಸುಮಾರು 3,250 ಸುತ್ತು. ಇದು ಪುಕ್ಕಟೆ ಬಂದದ್ದಲ್ಲ. ದಿಣ್ಣೆ ಬಂದರೆ ಮುಂಚೆಯೇ ಗೇರು ಇಳಿಸಬೇಕು. ಹೊರಡುವಾಗ ಕ್ಲಚ್ಚನ್ನು ಪುಸಲಾಯಿಸಬೇಕು. ಮೂಲರೂಪ ಕೆಡಿಸಿದೆನೆಂದು ಹಳೆ ಕಾರಿನ ಭಕ್ತರು ಮುಖ ಸಿಂಡರಿಸಿದರು. ಇಸ್ಸಿಗೋನಿಸ್ ಕೊಟ್ಟ ಒಡಲಿಗೆ ಹನ್ನೊಂದು ವರ್ಷ ತಡವಾಗಿ ಬಂದ ರಸ್ತೆಯನ್ನು ತೋರಿಸಿದೆ, ಅಷ್ಟೇ ಎಂಬುದು ನನ್ನ ವಾದ. ಹಳೆಯ ಹಲ್ಲುಚಕ್ರಗಳಿಗೆ ಗ್ರೀಸು ಬಳಿದು, ಗೋಣಿಯಲ್ಲಿ ಸುತ್ತಿ, ಶೆಡ್ಡಿನಲ್ಲಿ ಇಟ್ಟಿದ್ದೇನೆ.

ಮೊದಲ ಸಲ ಎಂ-1ಕ್ಕೆ ಹೋದಾಗ ಒಂದು ತಮಾಷೆ ನಡೆಯಿತು. ಮೈನರಿನ ವೇಗಮಾಪಕ ಇರುವುದು ಮುಂದಿನ ಹಲಗೆಯ ನಡುಮಧ್ಯದಲ್ಲಿ, ಇಬ್ಬರಿಗೂ ಕಾಣುವಂತೆ. ಅದಕ್ಕೆ ಸುದ್ದಿ ಹೋಗುವುದು ಗೇರುಪೆಟ್ಟಿಗೆಯಿಂದ. ಹಿಂದಿನ ಅಚ್ಚು ಬದಲಾದದ್ದು ಅದಕ್ಕೆ ತಿಳಿದೇ ಇಲ್ಲ. ಮುಳ್ಳು 50ರ ಮೇಲೆ ನಿಂತಿತ್ತು. ನಾವು ನಿಜವಾಗಿ ಹೋಗುತ್ತಿದ್ದದ್ದು 61.

“ಐವತ್ತಕ್ಕೇ ಲಾರಿಗಳೆಲ್ಲ ಹಿಂದೆ ಬಿದ್ದವಲ್ಲ” ಎಂದಳು.

ನಾನು ಲೆಕ್ಕ ಹೇಳಿದೆ. ಅವಳಿಗೆ ಕೇಳಿಸಿತು. ಕೇಳಿಸಿದ್ದಕ್ಕೆ ಉತ್ತರವೂ ಬಂತು: ಮನೆಗೆ ಹೋದೊಡನೆ ಆ ಸುಳ್ಳುಗಡಿಯಾರವನ್ನು ರಿಪೇರಿಗೆ ಕಳಿಸಬೇಕು, ಪೊಲೀಸರ ಮುಂದೆ ಈ ಲೆಕ್ಕ ಒಪ್ಪಿಸಲು ತಾನು ಬರುವುದಿಲ್ಲ ಎಂದು. ಆಮೇಲೆ ಮಾತು ಧಾರವಾಡದ ಮನೆಯ ಮಾವಿನ ಮರಕ್ಕೆ ಹೊರಳಿತು. ಲಂಡನ್ ಬಂದರೂ ಮುಗಿದಿರಲಿಲ್ಲ.