ಱ, ೞ ಮತ್ತು ನನ್ನ ಪಂಪನ ಓದು

ಪಂಪನ 'ವಿಕ್ರಮಾರ್ಜುನ ವಿಜಯ'ವನ್ನು ನಾನು ಮೂರು ಸಲ ಶುರು ಮಾಡಿ, ಮೂರು ಸಲವೂ ಮೊದಲ ಆಶ್ವಾಸದಲ್ಲೇ ನಿಲ್ಲಿಸಿದ್ದೆ. ಮಹಾಭಾರತದ ಕಥೆ ಗೊತ್ತಿರೋದೇ, ಭಾಷೆಯೂ ಕನ್ನಡವೇ. ಆದರೂ ಒಂದು ಕಂದಪದ್ಯ ದಾಟಲು ಅರ್ಧ ಗಂಟೆ ಬೇಕಾಗುತ್ತಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡರೂ ಪದ ಸಿಗೋದಿಲ್ಲ. ಸಿಕ್ಕರೆ ಅರ್ಥ ಹೊಂದೋದಿಲ್ಲ.

ತೊಡಕು ಎಲ್ಲಿತ್ತು ಅಂತ ತಿಳಿದದ್ದು ಶಾಸನ ಓದೋಕೆ ಕಲಿಯುವಾಗ. ನಾನು ಓದುತ್ತಿದ್ದ ಅಂತರ್ಜಾಲದ ಪ್ರತಿಯಲ್ಲಿ ಱ ಇರಬೇಕಾದ ಕಡೆ ರ, ೞ ಇರಬೇಕಾದ ಕಡೆ ಳ ಟೈಪ್ ಮಾಡಿದ್ದರು. ಓದುಗರಿಗೆ ಸುಲಭವಾಗಲಿ ಎಂಬ ಉದ್ದೇಶವೇ ಇರಬೇಕು. ಆದರೆ ಹಳಗನ್ನಡದಲ್ಲಿ 'ಅಱಿದಂ' ಎಂದರೆ ತಿಳಿದನು, 'ಅರಿದಂ' ಎಂದರೆ ಕತ್ತರಿಸಿದನು. 'ಕಱೆ' ಎಂದರೆ ಹಾಲು ಹಿಂಡು, 'ಕರೆ' ಎಂದರೆ ಕೂಗು. 'ಅೞಿ' ನಾಶವಾಗು, 'ಅಳಿ' ದುಂಬಿ. ವಿಷಯ ತಿಳಿದುಕೊಂಡ ವೀರನ ಕೈಗೆ ನಾನೇ ಕತ್ತಿ ಕೊಟ್ಟು, ಅರ್ಥವಾಗಲಿಲ್ಲ ಅಂತ ಪಂಪನನ್ನು ಬೈದುಕೊಂಡಿದ್ದೆ!

ಈ ಅಕ್ಷರಗಳು ಸವೆದುಹೋದ ಬಗೆಯನ್ನು ಕಲ್ಲಿನಲ್ಲೇ ನೋಡಬಹುದು. ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಗದ್ದೆ'ಯನ್ನೇ ತೆಗೆದುಕೊಳ್ಳಿ. ಹಳೆಯ ಶಾಸನಗಳಲ್ಲಿ ಅದು 'ಗೞ್ದೆ', ಮುಂದೆ 'ಗರ್ದೆ', ಆಮೇಲೆ ನಮ್ಮ 'ಗದ್ದೆ'. ತೇದಿಯಿಲ್ಲದ ಶಾಸನದ ಕಾಲ ಊಹಿಸಲು ಲಿಪಿಯ ಜೊತೆಗೆ ಇಂಥ ರೂಪಗಳೂ ನೆರವಾಗುತ್ತವೆ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿಯೇ ಕೊಟ್ಟಿದ್ದಾನೆ. ಜನರ ಬಾಯಲ್ಲಿ ಆ ವ್ಯತ್ಯಾಸ ಗಟ್ಟಿಯಾಗಿ ಉಳಿದಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಪಂಪನಾದ ಮೂರು ಶತಮಾನಕ್ಕೇ ನನ್ನಂತೆ ತಡವರಿಸುವ ಓದುಗರು ಇದ್ದರು ಅನ್ನೋದು ನನಗಂತೂ ದೊಡ್ಡ ಸಮಾಧಾನ.

ಮತ್ತೆ ಪಂಪನ ಬಳಿ ಹೋಗುವ ಧೈರ್ಯ ಕೊಟ್ಟದ್ದು ಕುರ್ಕ್ಯಾಲದ ಶಾಸನ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಈ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬರೆಸಿದ್ದಾನೆ. ವೇಮುಲವಾಡದ ಅರಿಕೇಸರಿ ಪಂಪನಿಗೆ ಧರ್ಮಪುರದ ಅಗ್ರಹಾರ ಕೊಟ್ಟ ಸಂಗತಿ ಅಲ್ಲಿದೆ. ಅದೇ ಮಾತನ್ನು ಪಂಪ ಕಾವ್ಯದ ಕೊನೆಯ, ಅಂದರೆ 14ನೇ ಆಶ್ವಾಸದಲ್ಲಿ ತಾನೇ ಹೇಳಿಕೊಂಡಿದ್ದಾನೆ. ನಾನು ಮೊದಲು ಶಾಸನಪಾಠ ಓದಿದೆ, ಆಮೇಲೆ ಕಾವ್ಯದ ಆ ಭಾಗ ತೆರೆದೆ. ನಿಘಂಟು ಮುಟ್ಟದೆ ಅರ್ಥವಾದ ನನ್ನ ಮೊದಲ ಪಂಪನ ಪದ್ಯ ಅದು. ಸಾವಿರ ವರ್ಷದ ಹಿಂದೆ ಅಣ್ಣ ಹೇಳಿದ್ದಕ್ಕೆ ತಮ್ಮ ಕಲ್ಲಿನ ಮೇಲೆ ಸಾಕ್ಷಿ ಹಾಕಿದ ಹಾಗಿತ್ತು.

ಈಗ ಱ, ೞ ಉಳಿಸಿಕೊಂಡ ಮುದ್ರಿತ ಪ್ರತಿ ಹಿಡಿದು ನಾಲ್ಕನೇ ಸಲ ಶುರು ಮಾಡಿದ್ದೇನೆ. ದಿನಕ್ಕೆ ಎರಡೇ ಪದ್ಯ. ಕಷ್ಟ ಹೋಗಿಲ್ಲ, ಆದರೆ ಕಷ್ಟ ಯಾವುದು, ನನ್ನ ತಪ್ಪು ಯಾವುದು ಅಂತ ಬೇರೆ ಮಾಡಿ ನೋಡೋಕೆ ಬರುತ್ತಿದೆ.

ಶಾಸನಪಾಠ ಟೈಪ್ ಮಾಡುವ ಗೆಳೆಯರಲ್ಲಿ ಒಂದು ವಿನಂತಿ. ಈ ಎರಡೂ ಅಕ್ಷರಗಳು ಯೂನಿಕೋಡ್‌ನಲ್ಲಿವೆ. ಕಲ್ಲಿನಲ್ಲಿ ಇದ್ದಂತೆಯೇ ಇಡಿ. ಓದುಗರು ಸ್ವಲ್ಪ ತಡವರಿಸಲಿ, ಪರವಾಗಿಲ್ಲ. ದಾರಿ ತಪ್ಪುವುದಂತೂ ಬೇಡ.